ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾ: ಬ್ಯಾಲೆಟ್‌ನಲ್ಲಿ ಯಾರಿಗೂ ಕೋಟಾ ಇಲ್ಲ

ಪ್ರಶ್ನೆ: ನನಗೆ 26 ವರ್ಷ. ತಿಪಟೂರು ಹತ್ತಿರದ ಹಳ್ಳಿ ನಮ್ಮದು. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ, ಆಮೇಲೆ ಬಿ.ಕಾಂ. ತುಮಕೂರಿನ ಒಂದು ಶೋರೂಮಿನಲ್ಲಿ ನಾಲ್ಕು ವರ್ಷದಿಂದ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ವರ್ಕಿಂಗ್ ಹಾಲಿಡೇ ವೀಸಾದಲ್ಲಿ ಒಂದು ವರ್ಷ ಆಸ್ಟ್ರೇಲಿಯಾಕ್ಕೆ ಹೋಗಬೇಕು ಅಂತ ತುಂಬಾ ಆಸೆ. ಏಜೆಂಟ್ ಒಬ್ಬರು, "ಬ್ಯಾಲೆಟ್‌ನಲ್ಲಿ ನಮಗೆ ಕೋಟಾ ಇದೆ, 1.8 ಲಕ್ಷಕ್ಕೆ ಗ್ಯಾರಂಟಿ ಮಾಡಿಸಿಕೊಡುತ್ತೇವೆ, ಈಗ 50,000 ಅಡ್ವಾನ್ಸ್ ಕಟ್ಟಿ" ಅನ್ನುತ್ತಿದ್ದಾರೆ. ಅಮ್ಮನ ಒಡವೆಯನ್ನು ಸೊಸೈಟಿಯಲ್ಲಿ ಅಡ ಇಡೋಣ ಅಂತ ಅಪ್ಪ ಹೇಳುತ್ತಿದ್ದಾರೆ. ಕಟ್ಟಬಹುದಾ ಸರ್? ಇಂಗ್ಲಿಷ್ ಪರೀಕ್ಷೆ ಬರೆಯಬೇಕಾ? ಹೋದ ಮೇಲೆ ಅಲ್ಲೇ ಉಳಿಯೋಕೆ ಆಗುತ್ತಾ?

ಉತ್ತರ: ಕಟ್ಟಬೇಡಿ. ಒಂದು ರೂಪಾಯಿಯನ್ನೂ ಕಟ್ಟಬೇಡಿ. ಅಮ್ಮನ ಒಡವೆ ಮನೆಯಲ್ಲೇ ಇರಲಿ. ಮಿಕ್ಕಿದ್ದನ್ನು ನಿಧಾನವಾಗಿ ಹೇಳುತ್ತೇನೆ. ಮೊದಲು ಇದೊಂದು ಮಾತು ಗಟ್ಟಿಯಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಆ ಬ್ಯಾಲೆಟ್‌ನಲ್ಲಿ ಯಾವ ಏಜೆಂಟಿಗೂ ಕೋಟಾ ಇಲ್ಲ. ಬೆಂಗಳೂರಿನವರಿಗೂ ಇಲ್ಲ, ದೆಹಲಿಯವರಿಗೂ ಇಲ್ಲ, ಸಿಡ್ನಿಯಲ್ಲೇ ಕೂತವರಿಗೂ ಇಲ್ಲ.

ಬ್ಯಾಲೆಟ್ ಅಂದರೆ ಚೀಟಿ ಎತ್ತುವುದು, ಅಷ್ಟೇ. ಹೆಸರು ಬರೆದು ಡಬ್ಬಿಗೆ ಹಾಕಿ, ಮಗುವಿನ ಕೈಯಲ್ಲಿ ಒಂದು ಚೀಟಿ ಎತ್ತಿಸುತ್ತಾರಲ್ಲ, ಅದೇ ಥರ. ಇಲ್ಲಿ ಕಂಪ್ಯೂಟರ್ ಎತ್ತುತ್ತದೆ. ನಿಮ್ಮ ಮಾರ್ಕ್ಸ್ ನೋಡಿ ಎತ್ತುವುದಿಲ್ಲ. ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಅಂತಲೂ ನೋಡುವುದಿಲ್ಲ. ಯಾರ ಮೂಲಕ ಅರ್ಜಿ ಹಾಕಿದಿರಿ ಅನ್ನುವುದಂತೂ ಅದಕ್ಕೆ ಬೇಕಾಗಿಯೇ ಇಲ್ಲ. ಅಂದಮೇಲೆ 1.8 ಲಕ್ಷ ಕೊಟ್ಟು ಕೊಂಡುಕೊಳ್ಳುವಂಥದ್ದು ಅಲ್ಲಿ ಏನೂ ಇಲ್ಲ.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಭಾರತ ಮತ್ತು ಆಸ್ಟ್ರೇಲಿಯಾ 2022ರಲ್ಲಿ ಒಂದು ವ್ಯಾಪಾರ ಒಪ್ಪಂದ ಮಾಡಿಕೊಂಡವು. ವರ್ಷಕ್ಕೆ 1,000 ಭಾರತೀಯ ಯುವಜನರಿಗೆ ಈ ವೀಸಾ ಕೊಡಬೇಕು ಅನ್ನುವುದು ಅದರಲ್ಲೇ ಇತ್ತು. ವೀಸಾ ಶುರುವಾಗಿದ್ದು 2024ರಲ್ಲಿ. ಮೊದಲ ಬ್ಯಾಲೆಟ್‌ಗೆ ಹೆಸರು ಕೊಡಲು ಆ ವರ್ಷ ಅಕ್ಟೋಬರ್ 1ರಿಂದ 31ರವರೆಗೆ ಅವಕಾಶ ಇತ್ತು. ಮೊದಲ ಎರಡೇ ವಾರದಲ್ಲಿ ಸುಮಾರು 40,000 ಜನ ಹೆಸರು ಕೊಟ್ಟರು. ಇರೋದು ಸಾವಿರ ಜಾಗ. ಲೆಕ್ಕ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ನೀವೇ ಅಕೌಂಟ್ಸ್‌ನವರು.

ವೀಸಾದ ಸರಿಯಾದ ಹೆಸರು "ವರ್ಕ್ ಅಂಡ್ ಹಾಲಿಡೇ", ಸಬ್‌ಕ್ಲಾಸ್ 462. "ವರ್ಕಿಂಗ್ ಹಾಲಿಡೇ" ಅನ್ನುವುದು 417, ಅದು ಬ್ರಿಟನ್, ಕೆನಡಾ, ಜಪಾನ್ ಥರದ ದೇಶದವರಿಗೆ. ಹೆಸರು ಒಂದೇ ಥರ ಇರುವುದರಿಂದ ಎಷ್ಟೋ ಜನ 417ರ ನಿಯಮ ಓದಿಕೊಂಡು ಬಂದು ನನ್ನ ಹತ್ತಿರ ವಾದ ಮಾಡುತ್ತಾರೆ. ಆಸ್ಟ್ರೇಲಿಯಾದ ಗೃಹ ಇಲಾಖೆಯ ವೆಬ್‌ಸೈಟಿನಲ್ಲಿ 462ರ ಪುಟವನ್ನೇ ತೆಗೆದು ಓದಿ. ಈ ಸಲದ ಬ್ಯಾಲೆಟ್ ಯಾವಾಗ ಅನ್ನುವುದೂ ಅಲ್ಲೇ ಸಿಗುತ್ತದೆ. ಪ್ರತಿ ವರ್ಷ ಅದೇ ತಿಂಗಳಲ್ಲಿ ಬರುತ್ತದೆ ಅಂತ ನಂಬಿ ಕೂರಬೇಡಿ.

ಬ್ಯಾಲೆಟ್‌ಗೆ ಹೆಸರು ಕೊಡಲು 25 ಆಸ್ಟ್ರೇಲಿಯನ್ ಡಾಲರ್ ಶುಲ್ಕ. ನಮ್ಮ ದುಡ್ಡಿನಲ್ಲಿ 1,500 ರೂಪಾಯಿ ಅಂತ ಇಟ್ಟುಕೊಳ್ಳಿ. ಚೀಟಿ ಬರದಿದ್ದರೆ ಅದು ವಾಪಸ್ ಬರುವುದಿಲ್ಲ. ಪಾಸ್‌ಪೋರ್ಟ್ ಮತ್ತು ಪ್ಯಾನ್ ಕಾರ್ಡ್ ಎರಡೂ ಕೈಯಲ್ಲಿ ಇರಬೇಕು. ವಯಸ್ಸು 18 ತುಂಬಿರಬೇಕು, 31 ತುಂಬಿರಬಾರದು. ನಿಮಗೆ 26 ಆದ್ದರಿಂದ ಈ ಸಲ ಬರದಿದ್ದರೂ ಇನ್ನೂ ಕೆಲವು ಸಲ ಪ್ರಯತ್ನ ಮಾಡಬಹುದು. ಹೆಸರು ಕೊಡುವ ಕೆಲಸಕ್ಕೆ ಮೊಬೈಲಿನಲ್ಲಿ ಕೂತರೆ ಅರ್ಧ ಗಂಟೆ ಸಾಕು.

ಆ ಅರ್ಧ ಗಂಟೆಯ ಕೆಲಸವನ್ನು ಬೇರೆಯವರ ಕೈಗೆ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಹಾಸನ ಕಡೆಯ ಹುಡುಗನೊಬ್ಬ ನನ್ನ ಹತ್ತಿರ ಬಂದಿದ್ದ. ಒಬ್ಬ ಏಜೆಂಟ್ ಅವನ ಪರವಾಗಿ ಇಮ್ಮಿಅಕೌಂಟ್ ತೆರೆದಿದ್ದ. ವೀಸಾ ಅರ್ಜಿಗೆ ಆ ದೇಶ ಕೊಡುವ ಖಾತೆ ಅದು. ಇಮೇಲ್ ಏಜೆಂಟನದು, ಪಾಸ್‌ವರ್ಡ್ ಏಜೆಂಟನದು, ಮೊಬೈಲ್ ನಂಬರ್ ಕೂಡ ಅವನದೇ. ಹುಡುಗನ ಕೈಯಲ್ಲಿ ಇದ್ದದ್ದು ವಾಟ್ಸಾಪಿನಲ್ಲಿ ಕಳಿಸಿದ ಒಂದು ಫೋಟೋ ಮಾತ್ರ. ಚೀಟಿ ಬಂದಿದೆಯಾ ಇಲ್ಲವಾ ಅಂತ ಕೇಳಿದರೆ, ಇನ್ನಷ್ಟು ದುಡ್ಡು ಕಟ್ಟಿ, ಆಮೇಲೆ ಹೇಳುತ್ತೇನೆ ಅನ್ನುವ ಉತ್ತರ. ತಾನೇ ಬೇರೆ ಅರ್ಜಿ ಹಾಕೋಣ ಅಂದರೆ ಒಂದು ಬ್ಯಾಲೆಟ್‌ನಲ್ಲಿ ಒಬ್ಬರಿಗೆ ಒಂದೇ ನೋಂದಣಿ. ತನ್ನ ಹೆಸರು, ತನ್ನ ಪಾಸ್‌ಪೋರ್ಟ್, ಬೀಗದ ಕೈ ಮಾತ್ರ ಇನ್ನೊಬ್ಬರ ಜೇಬಿನಲ್ಲಿ. ಆ ಹುಡುಗನ ಮುಖ ನನಗೆ ಇನ್ನೂ ಮರೆತಿಲ್ಲ.

ಹಾಗಾಗಿ ಇಮ್ಮಿಅಕೌಂಟ್ ನಿಮ್ಮದೇ ಇಮೇಲ್‌ನಲ್ಲಿ ತೆರೆಯಿರಿ. ದಿನಾ ನೋಡುವ ಇಮೇಲ್ ಆಗಿರಲಿ. ಮುಂದೆ ಅರ್ಜಿ ತುಂಬುವಾಗ ನಿಜವಾಗಲೂ ಸಹಾಯ ಬೇಕು ಅನ್ನಿಸಿದರೆ ಆಸ್ಟ್ರೇಲಿಯಾದಲ್ಲಿ ನೋಂದಾಯಿತ ವಲಸೆ ಏಜೆಂಟರು ಇದ್ದಾರೆ. ಪ್ರತಿಯೊಬ್ಬರಿಗೂ ಒಂದು ನೋಂದಣಿ ಸಂಖ್ಯೆ ಇರುತ್ತದೆ, ಆ ಪಟ್ಟಿ ಎಲ್ಲರಿಗೂ ಸಿಗುತ್ತದೆ. ನಿಮಗೆ ಫೋನ್ ಮಾಡಿದವರನ್ನು ಆ ಸಂಖ್ಯೆ ಕೇಳಿ ನೋಡಿ.

ಈಗ ಹೆಸರಿನ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಏಕೆಂದರೆ ನಮ್ಮ ಹಳೆ ಮೈಸೂರು ಕಡೆಯವರು ಜಾಸ್ತಿ ಎಡವೋದು ಇಲ್ಲೇ. ನಮ್ಮಲ್ಲಿ ಸರ್‌ನೇಮ್ ಅಂತ ಇರುವುದಿಲ್ಲ, ಇನಿಷಿಯಲ್ ಇರುತ್ತದೆ. ಒಂದು ಊರಿನದು, ಇನ್ನೊಂದು ಅಪ್ಪನದು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ "ಲತಾ ಕೆ.ಆರ್." ಅಂತ ಇದೆ ಅನ್ನಿ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಅಂತಾರೆ, ಅಲ್ಲಿ ಊರು ಮತ್ತು ಅಪ್ಪನ ಹೆಸರು ಪೂರ್ತಿ ಬಂದು ಕೂರುತ್ತದೆ. ಪ್ಯಾನ್‌ನಲ್ಲಿ ಊರು ಬಿಟ್ಟು ಅಪ್ಪನ ಹೆಸರು ಮಾತ್ರ. ಡಿಗ್ರಿ ಸರ್ಟಿಫಿಕೇಟಿನಲ್ಲಿ ಬರೀ "ಲತಾ". ನಮಗೆ ಇದು ಒಬ್ಬಳೇ ಹುಡುಗಿ ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ಇನಿಷಿಯಲ್ ಅಂದರೇನು ಅಂತಲೇ ಗೊತ್ತಿಲ್ಲದ ಅಧಿಕಾರಿಗೆ ನಾಲ್ಕು ಜನ ಕಾಣುತ್ತಾರೆ.

ಇದಕ್ಕೆ ಹೆದರಬೇಕಾಗಿಲ್ಲ, ಮುಚ್ಚಿಡಬಾರದು ಅಷ್ಟೇ. ಫಾರಂನಲ್ಲಿ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ತುಂಬಿ. ನಿಮಗೆ ಬೇರೆ ಹೆಸರುಗಳು ಇವೆಯಾ ಅಂತ ವೀಸಾ ಅರ್ಜಿಯಲ್ಲೇ ಒಂದು ಪ್ರಶ್ನೆ ಬರುತ್ತದೆ. ನಮ್ಮವರು ಅದನ್ನು ಅಡ್ಡಹೆಸರಿನ ಪ್ರಶ್ನೆ ಅಂದುಕೊಂಡು "ಇಲ್ಲ" ಒತ್ತಿಬಿಡುತ್ತಾರೆ. ಹಾಗೆ ಮಾಡಬೇಡಿ. ಮಾರ್ಕ್ಸ್ ಕಾರ್ಡಿನ ಹೆಸರು, ಪ್ಯಾನ್ ಕಾರ್ಡಿನ ಹೆಸರು ಎಲ್ಲವನ್ನೂ ಅಲ್ಲಿ ಬರೆಯಿರಿ. ಜೊತೆಗೆ ಈ ಎಲ್ಲ ಹೆಸರೂ ಒಬ್ಬರದೇ ಅಂತ ನೋಟರಿ ಹತ್ತಿರ ಒಂದು ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ. ಪ್ಯಾನ್ ತಿದ್ದಿಸಿ ಪಾಸ್‌ಪೋರ್ಟಿಗೆ ಹೊಂದಿಸಲು ಸಾಧ್ಯವಾದರೆ ಈಗಲೇ ತಿದ್ದಿಸಿ. ಬ್ಯಾಲೆಟ್‌ನಲ್ಲಿ ಕೇಳುವುದು ಅವೆರಡನ್ನೇ.

ಇಂಗ್ಲಿಷ್ ಬಗ್ಗೆ ಕೇಳಿದ್ದೀರಿ. ಈ ವೀಸಾಕ್ಕೆ ದೊಡ್ಡ ಇಂಗ್ಲಿಷ್ ಬೇಡ, ಕೆಲಸ ನಡೆಸುವಷ್ಟು ಬಂದರೆ ಸಾಕು. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ನಾಲ್ಕೂ ಭಾಗದ ಸರಾಸರಿ 4.5 ಬಂದರೆ ಆಯಿತು. ಪಿಆರ್‌ಗೆ, ಅಂದರೆ ಅಲ್ಲೇ ಕಾಯಂ ಆಗಿ ನೆಲೆಸುವ ಅನುಮತಿಗೆ, ಓಡಾಡುವವರು 7, 8 ಅಂತ ಒದ್ದಾಡುತ್ತಾರಲ್ಲ, ಆ ಮಟ್ಟ ಇಲ್ಲಿ ಬೇಕಿಲ್ಲ. ಶಾಲೆಯೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ಆ ದಾಖಲೆ ತೋರಿಸಬಹುದು. ನೀವು ಕನ್ನಡ ಮೀಡಿಯಂ ಆದ್ದರಿಂದ ಪರೀಕ್ಷೆ ಬರೆಯುವುದೇ ಸರಿ. ಆದರೆ ಈಗಲೇ ಬರೆಯಬೇಡಿ. ವೀಸಾ ಅರ್ಜಿ ಹಾಕುವ ದಿನಕ್ಕೆ ಫಲಿತಾಂಶ 12 ತಿಂಗಳಿಗಿಂತ ಹಳೆಯದಾಗಿರಬಾರದು, ಚೀಟಿ ಬರುವ ಮೊದಲೇ ಬರೆದರೆ ಸುಮ್ನೆ ದುಡ್ಡು ಹಾಳು. ಈಗ ದಿನಾ ಅರ್ಧ ಗಂಟೆ ಕೇಳಿ, ಮಾತಾಡಿ ರೂಢಿ ಮಾಡಿಕೊಳ್ಳಿ. ಚೀಟಿ ಬಂದ ಮಾರನೇ ದಿನ ಕಂಪ್ಯೂಟರ್ ಪರೀಕ್ಷೆಗೆ ದಿನ ಗೊತ್ತು ಮಾಡಿ. ಅದರ ಫಲಿತಾಂಶ ಕೆಲವೇ ದಿನದಲ್ಲಿ ಬರುತ್ತದೆ. ನಾಲ್ಕು ವರ್ಷದಿಂದ ಶೋರೂಮಿನ ಬಿಲ್ಲು, ಮೇಲ್ ಎಲ್ಲ ನೋಡಿದವರು ನೀವು. 4.5 ನಿಮಗೆ ಕಷ್ಟ ಆಗುವುದಿಲ್ಲ ಅಂತ ನನ್ನ ಅನಿಸಿಕೆ.

ಓದಿನ ಷರತ್ತು ನಿಮಗೆ ತೊಂದರೆಯೇ ಇಲ್ಲ. ಪಿಯುಸಿ ಆದ ಮೇಲೆ ಕನಿಷ್ಠ ಎರಡು ವರ್ಷ ಓದಿರಬೇಕು, ಬಿ.ಕಾಂ. ಆಗಿದೆ.

ಚೀಟಿ ಬಂದರೆ ವೀಸಾ ಅರ್ಜಿ ಹಾಕಲು 28 ದಿನ ಸಮಯ ಕೊಡುತ್ತಾರೆ. ಕಷ್ಟ ಶುರುವಾಗುವುದು ಆಗ. ಅರ್ಜಿ ಶುಲ್ಕ 2025ರ ಜುಲೈಯಿಂದ 670 ಡಾಲರ್. ಅದರ ಜೊತೆ ಕೈಯಲ್ಲಿ 5,000 ಡಾಲರ್ ಇದೆ ಅಂತ ತೋರಿಸಬೇಕು, ಹೋಗಿ ಬರುವ ಟಿಕೆಟ್‌ಗೆ ಬೇರೆ ದುಡ್ಡು. ಡಾಲರಿಗೆ 60 ರೂಪಾಯಿ ಲೆಕ್ಕ ಹಾಕಿದರೆ 5,000 ಡಾಲರ್ ಅಂದರೆ ಮೂರು ಲಕ್ಷ. ಯಾರದೋ ದುಡ್ಡನ್ನು ನಾಲ್ಕು ದಿನಕ್ಕೆ ಖಾತೆಗೆ ಹಾಕಿಸಿ ಸ್ಟೇಟ್‌ಮೆಂಟ್ ತೆಗೆಯುವ ದಾರಿ ಬೇಡ. ಖಾಲಿ ಇದ್ದ ಖಾತೆಗೆ ದಿಢೀರ್ ಅಂತ ಮೂರು ಲಕ್ಷ ಬಂದಿದ್ದು ಎಂಥವರ ಕಣ್ಣಿಗೂ ಬೀಳುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು ಇದೆ. ಆ ದುಡ್ಡು ನಿಮಗೆ ಅಲ್ಲಿ ನಿಜಕ್ಕೂ ಬೇಕಾಗುತ್ತದೆ. ಕೆಲಸ ಸಿಗುವವರೆಗೆ ಬಾಡಿಗೆ, ಊಟ, ಬಸ್ಸು ಎಲ್ಲ ಅದರಲ್ಲೇ ಆಗಬೇಕು. ಈಗಿನಿಂದ ಸಂಬಳದಲ್ಲಿ ಆರ್‌ಡಿ ಕಟ್ಟಿ. ಚೀಟಿ ಬರದೇ ಹೋದರೂ ಆ ದುಡ್ಡು ನಿಮ್ಮದೇ.

ಪೊಲೀಸ್ ಕ್ಲಿಯರೆನ್ಸ್ ಕೇಳಿದರೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮಾಡಿಸಬಹುದು. ಎದೆಯ ಎಕ್ಸ್-ರೇ, ವೈದ್ಯಕೀಯ ತಪಾಸಣೆ ಕೇಳಿದರೆ ಅವರು ಗೊತ್ತು ಮಾಡಿದ ಪ್ಯಾನೆಲ್ ವೈದ್ಯರ ಹತ್ತಿರವೇ ಆಗಬೇಕು, ನಿಮ್ಮ ಊರಿನ ಡಾಕ್ಟರ್ ಬರೆದುಕೊಟ್ಟದ್ದು ನಡೆಯುವುದಿಲ್ಲ. ಇನ್ನೊಂದು ಮಾತು, ಅಲ್ಲಿನ ಸರ್ಕಾರಿ ವೈದ್ಯಕೀಯ ಸೌಲಭ್ಯ ಈ ವೀಸಾದಲ್ಲಿ ಹೋದ ಭಾರತೀಯರಿಗೆ ಸಿಗುವುದಿಲ್ಲ. ಒಂದು ವರ್ಷದ ಆರೋಗ್ಯ ವಿಮೆ ಮಾಡಿಸದೆ ವಿಮಾನ ಹತ್ತಬೇಡಿ.

ಅಲ್ಲಿ ಏನು ಕೆಲಸ ಸಿಗುತ್ತದೆ? ನಿಮ್ಮ ಅಕೌಂಟ್ಸ್ ಅನುಭವಕ್ಕೆ ತಕ್ಕ ಕೆಲಸ ಸಿಗುವುದು ಕಷ್ಟ ಅಂತ ಮೊದಲೇ ಹೇಳಿಬಿಡುತ್ತೇನೆ. ಈ ವೀಸಾದಲ್ಲಿ ಒಬ್ಬ ಮಾಲೀಕರ ಹತ್ತಿರ ಸಾಮಾನ್ಯವಾಗಿ ಆರು ತಿಂಗಳಿಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ. ಆರು ತಿಂಗಳಿಗೆ ಹೋಗುವವರ ಕೈಗೆ ಲೆಕ್ಕದ ಪುಸ್ತಕ ಯಾರು ಕೊಡುತ್ತಾರೆ? ಹೆಚ್ಚಿನವರು ಕೆಫೆ, ಹೋಟೆಲ್ ರೂಮು ಕ್ಲೀನಿಂಗ್, ಗೋದಾಮು, ತೋಟದ ಕೆಲಸ ಹಿಡಿಯುತ್ತಾರೆ. ಅದರಲ್ಲಿ ಕಡಿಮೆ ಏನೂ ಇಲ್ಲ. ಆದರೆ ತಿಳಿದು ಹೋಗಬೇಕು.

ಉತ್ತರದ ಕ್ಯಾಥರೀನ್, ಡಾರ್ವಿನ್ ಸುತ್ತ ಸೆಪ್ಟೆಂಬರ್ ಕಳೆಯುತ್ತಿದ್ದ ಹಾಗೆ ಮಾವು ಕೀಳುವ ಕಾಲ. ಮಳೆಗೆ ಮುಂಚಿನ ಸೆಕೆ, ಮೈಯೆಲ್ಲ ಬೆವರು. ಉದ್ದ ತೋಳಿನ ಅಂಗಿ, ಕೈಗೆ ಗ್ಲೌಸ್ ಇಲ್ಲದೆ ಮರದ ಹತ್ತಿರ ಹೋಗುವಂತಿಲ್ಲ, ಸೊನೆ ಬಿದ್ದ ಕಡೆ ಚರ್ಮ ಸುಟ್ಟ ಹಾಗೆ ಆಗುತ್ತದೆ. ನಮ್ಮ ಕಡೆ ಮಾವಿನ ತೋಟದಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ, ಆದರೆ ಅಲ್ಲಿ ದಿನಕ್ಕೆ ಎಂಟು ಹತ್ತು ಗಂಟೆ ಅದೇ. ಕ್ವೀನ್ಸ್‌ಲ್ಯಾಂಡಿನ ಟುಲ್ಲಿ ಕಡೆ ಬಾಳೆ. ಗೊನೆ ಹೊರುವುದು ಗಟ್ಟಿ ಮೈಯವರ ಕೆಲಸ, ಶೆಡ್ಡಿನಲ್ಲಿ ಕಾಯಿ ಬಿಡಿಸಿ ಪೆಟ್ಟಿಗೆ ತುಂಬುವುದು ಬೇರೆಯವರಿಗೆ. ತೆಂಗಿನ ಸೀಮೆಯ ಹುಡುಗಿ ನೀವು, ತೋಟ ಅಂದರೆ ಏನು ಅಂತ ಗೊತ್ತಿದ್ದೇ ಹೋಗುತ್ತೀರಿ. ಅದು ನಿಮಗೊಂದು ಬಲ.

ಕೂಲಿ ಲೆಕ್ಕ ನೋಡೋಣ. ದೇಶದ ಕನಿಷ್ಠ ಕೂಲಿ 2025ರ ಜುಲೈಯಿಂದ ಗಂಟೆಗೆ 24.95 ಡಾಲರ್. ಕೆಲಸದ ಪ್ರಕಾರ ಸ್ವಲ್ಪ ಆಚೀಚೆ ಆಗಬಹುದು. ರಜೆ ಸೌಲಭ್ಯ ಇಲ್ಲದ ಕ್ಯಾಶುಯಲ್ ಕೆಲಸಕ್ಕೆ ಅದರ ಮೇಲೆ ಶೇ. 25 ಜಾಸ್ತಿ ಕೊಡಬೇಕು. 24.95ರ ಲೆಕ್ಕದಲ್ಲೇ ವಾರಕ್ಕೆ 38 ಗಂಟೆ ಅಂದರೆ 948 ಡಾಲರ್. ಈ ವೀಸಾದವರಿಗೆ ಮೊದಲ ಡಾಲರಿನಿಂದಲೇ ಶೇ. 15 ತೆರಿಗೆ. 142 ಡಾಲರ್ ಹೋಗಿ ಕೈಗೆ 806. ತೋಟದಲ್ಲಿ ಮಳೆ ಬಂದ ದಿನ ಕೆಲಸ ಇಲ್ಲ, ಕೂಲಿ ಇಲ್ಲ, ಆದರೆ ಮಂಚದ ಬಾಡಿಗೆ ನಿಲ್ಲುವುದಿಲ್ಲ. ಹಾಗಾಗಿ 806ನ್ನು 52ರಿಂದ ಗುಣಿಸಿ ಮನೆಯಲ್ಲಿ ಹೇಳಬೇಡಿ.

ಮಾಲೀಕರು ಶೇ. 12ರಷ್ಟು ಸೂಪರ್ ಅಂತ ಬೇರೆ ಕಟ್ಟಬೇಕು, ನಮ್ಮ ಪಿಎಫ್ ಇದ್ದ ಹಾಗೆ. ದೇಶ ಬಿಟ್ಟ ಮೇಲೆ ಅದನ್ನು ತೆಗೆದುಕೊಳ್ಳಬಹುದು. ಆದರೆ ಈ ವೀಸಾದವರಿಗೆ ಅದರ ಮೇಲೆ ಶೇ. 65 ತೆರಿಗೆ ಇದೆ. ಈ ನಿಯಮ ನನಗೆ ಅನ್ಯಾಯ ಅನ್ನಿಸುತ್ತದೆ, ಆದರೂ ಇರುವುದು ಹಾಗೆ. ಉಳಿದ ಶೇ. 35 ಬಿಡಬೇಡಿ, ಊರಿಗೆ ಬಂದ ಮೇಲೆ ಅರ್ಜಿ ಹಾಕಿ ತರಿಸಿಕೊಳ್ಳಿ.

ಹೋದ ಮೊದಲ ವಾರವೇ ತೆರಿಗೆ ಸಂಖ್ಯೆ ಮಾಡಿಸಿ. ಅದನ್ನು ಅಲ್ಲಿನ ತೆರಿಗೆ ಕಚೇರಿ ಉಚಿತವಾಗಿ ಕೊಡುತ್ತದೆ, ದುಡ್ಡು ಕೇಳುವ ವೆಬ್‌ಸೈಟುಗಳ ಕಡೆ ಹೋಗಬೇಡಿ. ಪ್ರತಿ ಸಲ ಸಂಬಳದ ಚೀಟಿ ಕೇಳಿ ಪಡೆಯಿರಿ. ಎಷ್ಟು ಗಂಟೆ, ಗಂಟೆಗೆ ಎಷ್ಟು, ತೆರಿಗೆ ಎಷ್ಟು, ಸೂಪರ್ ಎಷ್ಟು, ಇವಿಷ್ಟೂ ಅದರಲ್ಲಿ ಇರಬೇಕು. ನೀವು ಮಾಡಿದ ಗಂಟೆಗಳನ್ನು ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಅವತ್ತವತ್ತೇ ಬರೆದಿಡಿ. ತೋಟದಲ್ಲಿ ಬುಟ್ಟಿ ಲೆಕ್ಕದಲ್ಲಿ ಕೊಡುತ್ತೇವೆ ಅಂದರೂ 2022ರ ಏಪ್ರಿಲ್‌ನಿಂದ ಗಂಟೆಯ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ. ಕೊಡದಿದ್ದರೆ ಫೇರ್ ವರ್ಕ್ ಆಂಬಡ್ಸ್‌ಮನ್ ಅನ್ನುವ ಸರ್ಕಾರಿ ಕಚೇರಿಗೆ ದೂರು ಕೊಡಬಹುದು. ಇಲ್ಲಿ ನಿಮ್ಮ ಅಕೌಂಟ್ಸ್ ಕಣ್ಣು ಕೆಲಸಕ್ಕೆ ಬರುತ್ತದೆ. ಎಷ್ಟೋ ಮಕ್ಕಳು ಸಂಬಳದ ಚೀಟಿಯನ್ನು ಬಿಡಿಸಿ ಕೂಡ ನೋಡುವುದಿಲ್ಲ.

ಅಲ್ಲೇ ಉಳಿಯಬಹುದಾ ಅಂತ ಕೇಳಿದ್ದೀರಿ. ವೀಸಾ ಇರುವುದು 12 ತಿಂಗಳಿಗೆ. ಅಷ್ಟರಲ್ಲಿ ಅವರು ಹೇಳಿದ ಪ್ರದೇಶದಲ್ಲಿ, ಹೇಳಿದ ಕೆಲಸದಲ್ಲಿ ಮೂರು ತಿಂಗಳು ದುಡಿದರೆ ಎರಡನೇ ವರ್ಷಕ್ಕೆ ಅರ್ಜಿ ಹಾಕಬಹುದು. ಎರಡನೇ ವರ್ಷದಲ್ಲಿ ಆರು ತಿಂಗಳು ಅಂಥ ಕೆಲಸ ಮಾಡಿದರೆ ಮೂರನೇ ವರ್ಷಕ್ಕೂ ಹಾಕಬಹುದು. ಇವಕ್ಕೆ ಮತ್ತೆ ಚೀಟಿ ಎತ್ತುವುದಿಲ್ಲ. ತೋಟದ ಕೆಲಸ ಅದರಲ್ಲಿ ಸೇರುತ್ತದೆ. ಉತ್ತರ ಭಾಗದಲ್ಲಿ ಹೋಟೆಲ್, ಪ್ರವಾಸೋದ್ಯಮದ ಕೆಲಸವೂ ಸೇರುತ್ತದೆ. ಕೆಲಸಕ್ಕೆ ಸೇರುವ ಮುಂಚೆ ಆ ಊರಿನ ಪೋಸ್ಟ್‌ಕೋಡ್ (ನಮ್ಮ ಪಿನ್‌ಕೋಡ್ ಇದ್ದ ಹಾಗೆ) ಆ ಪ್ರದೇಶಗಳ ಪಟ್ಟಿಯಲ್ಲಿ ಇದೆಯಾ ನೋಡಿಕೊಳ್ಳಿ. ಪಕ್ಕದ ಊರು ಸೇರಿ, ನಿಮ್ಮ ಊರು ಬಿಟ್ಟುಹೋಗಿರುವ ಸಾಧ್ಯತೆ ಇರುತ್ತದೆ.

ಆದರೆ ಇದು ಪಿಆರ್ ದಾರಿ ಅಲ್ಲ. ಅಲ್ಲಿ ನೆಲೆಸಬೇಕು ಅನ್ನುವವರಿಗೆ ಬೇರೆ ವೀಸಾಗಳು, ಬೇರೆ ಲೆಕ್ಕ. "ಒಂದು ಸಲ ಕಾಲಿಟ್ಟರೆ ಆಯಿತು, ಮುಂದಿನದು ನಾವು ನೋಡಿಕೊಳ್ಳುತ್ತೇವೆ" ಅಂತ ನಿಮ್ಮ ಏಜೆಂಟ್ ಹೇಳಿದ್ದರೆ ಅದನ್ನೂ ನಂಬಬೇಡಿ. ಒಂದು ವರ್ಷ ಹೊಸ ಊರು ನೋಡಿ, ದುಡಿದು, ತಿಳಿದು ಬರುತ್ತೇನೆ ಅನ್ನುವವರಿಗೆ ಇದು ಚೆನ್ನಾದ ವೀಸಾ. ನಿಮ್ಮ ಪ್ರಶ್ನೆಯಲ್ಲಿ ಮೊದಲು ಬರೆದಿದ್ದೂ ಒಂದು ವರ್ಷ ಅಂತಲೇ. ಆ ಆಸೆಯನ್ನೇ ಹಿಡಿದುಕೊಳ್ಳಿ.

ಆಸ್ಟ್ರೇಲಿಯಾ ಒಂದನ್ನೇ ನೆಚ್ಚಿ ಕೂರಬೇಡಿ. ಬ್ರಿಟನ್ನಿನಲ್ಲಿ ಇಂಡಿಯಾ ಯಂಗ್ ಪ್ರೊಫೆಷನಲ್ಸ್ ಸ್ಕೀಮ್ ಅಂತ ಇದೆ. ಅಲ್ಲೂ ಬ್ಯಾಲೆಟ್. ಆದರೆ ಹೆಸರು ಕೊಡಲು ಶುಲ್ಕವೇ ಇಲ್ಲ, ವರ್ಷಕ್ಕೆ 3,000 ಜಾಗ, ವೀಸಾ ಎರಡು ವರ್ಷಕ್ಕೆ. ಡಿಗ್ರಿ ಆಗಿರಬೇಕು, ನಿಮ್ಮದು ಆಗಿದೆ. 2,530 ಪೌಂಡ್ ಖಾತೆಯಲ್ಲಿ 28 ದಿನ ಸತತವಾಗಿ ಇರಬೇಕು. ವೀಸಾ ಶುಲ್ಕದ ಜೊತೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕವೂ ಇರುವುದರಿಂದ ಚೀಟಿ ಬಂದ ಮೇಲಿನ ಖರ್ಚು ಜಾಸ್ತಿ. ಆದರೆ ಅಲ್ಲಿ ನಿಮ್ಮ ಅಕೌಂಟ್ಸ್ ಕೆಲಸವನ್ನೇ ಹುಡುಕಿಕೊಳ್ಳಬಹುದು, ಆರು ತಿಂಗಳ ಕಟ್ಟುಪಾಡು ಇಲ್ಲ. ಆ ಬ್ಯಾಲೆಟ್ ತೆರೆದಿರುವುದು ಎರಡೇ ದಿನ, ಹೆಚ್ಚಾಗಿ ಫೆಬ್ರವರಿ ಮತ್ತು ಜುಲೈ ಹೊತ್ತಿಗೆ. ಮೊಬೈಲಿನಲ್ಲಿ ನೆನಪು ಹಾಕಿಟ್ಟುಕೊಳ್ಳಿ. ನಿಜ ಹೇಳಬೇಕೆಂದರೆ, ನಿಮ್ಮ ಓದು, ಅನುಭವಕ್ಕೆ ಅದೇ ಜಾಸ್ತಿ ಹೊಂದುತ್ತದೆ ಅಂತ ನನಗೆ ಅನ್ನಿಸುತ್ತದೆ. ಎರಡಕ್ಕೂ ಹೆಸರು ಕೊಡಿ.

ಶೋರೂಮಿನ ಕೆಲಸವನ್ನು ಚೀಟಿ ಬಂತು ಅಂತ ಬಿಡಬೇಡಿ. ವೀಸಾ ಮಂಜೂರಾದ ಪತ್ರ ಕೈಗೆ ಬರಲಿ. ಆಸ್ಟ್ರೇಲಿಯಾದ ವೀಸಾ ಸಿಕ್ಕ ದಿನದಿಂದ ಅಲ್ಲಿಗೆ ಹೋಗಿ ಇಳಿಯಲು 12 ತಿಂಗಳು ಸಮಯ ಇರುತ್ತದೆ, ನೋಟಿಸ್ ಕೊಟ್ಟು ಲೆಕ್ಕ ಒಪ್ಪಿಸಿ ನೆಮ್ಮದಿಯಾಗಿ ಹೊರಡಬಹುದು.

ಅಪ್ಪನಿಗೆ ಈ ಉತ್ತರವನ್ನೇ ಓದಿ ಹೇಳಿ. ಮಗಳ ಆಸೆಗೆ ಒಡವೆ ಅಡ ಇಡಲು ಹೊರಟವರು ಅವರು, ಬೇಡ ಅಂದರೆ ನೀವು ಆಸೆಯನ್ನೇ ಬಿಟ್ಟಿರಿ ಅಂತ ಬೇಜಾರು ಮಾಡಿಕೊಳ್ಳಬಹುದು. ಬಿಟ್ಟಿಲ್ಲ, ಈಗ ಬೇಕಾಗಿರುವುದು 1,500 ರೂಪಾಯಿ ಮಾತ್ರ ಅಂತ ಹೇಳಿ. ಈ ಭಾನುವಾರ ಇಬ್ಬರೂ ಕೂತು ಪಾಸ್‌ಪೋರ್ಟ್, ಪ್ಯಾನ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಡಿಗ್ರಿ ಸರ್ಟಿಫಿಕೇಟ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಹೆಸರು ಓದಿ. ಎಲ್ಲೆಲ್ಲಿ ವ್ಯತ್ಯಾಸ ಇದೆ ಅಂತ ಬರೆದು ನನಗೆ ಕಳಿಸಿ. ಯಾವುದನ್ನು ತಿದ್ದಿಸಬೇಕು, ಯಾವುದಕ್ಕೆ ಅಫಿಡವಿಟ್ ಸಾಕು ಅಂತ ನೋಡಿ ಹೇಳುತ್ತೇನೆ.